ಒಂದೇ ವಾದ್ಯ, ಹಲವು ಉಸಿರು

(ಹೋಳೂರಿನ ಒಂದು ವಾಲಗದ ಮನೆ. ಮಾವ ನಾದಸ್ವರ ಕಲಿತು ಬೆಳೆದವರು, ನಡುವಯಸ್ಸಿನಲ್ಲಿ ಸ್ಯಾಕ್ಸೋಫೋನ್ ಹಿಡಿದವರು. ಅಳಿಯ ಕಾಲೇಜು ದಿನಗಳಿಂದ ಜಾಝ್ ಕೇಳುತ್ತ ಬಂದವನು, ಈಗ ಕೋಲಾರದಲ್ಲಿ ಮೇಷ್ಟ್ರು.)

ಅಳಿಯ: ಮಾವ, ಸ್ಕೂಲಿನಲ್ಲಿ ಹುಡುಗರು ಒಂದು ಪ್ರಶ್ನೆ ಕೇಳಿದರು. ಪ್ರಪಂಚದಲ್ಲೆಲ್ಲ ದೊಡ್ಡ ಸ್ಯಾಕ್ಸೋಫೋನ್ ವಿದ್ವಾಂಸ ಯಾರು ಅಂತ. ನಾನು ಐದಾರು ಹೆಸರು ಹೇಳಿದೆ. ಒಂದೇ ಹೆಸರು ಹೇಳಿ ಸಾರ್ ಅಂದರು. ಹೇಳೋಕೆ ಮನಸ್ಸು ಒಪ್ಪಲಿಲ್ಲ.

ಮಾವ: ಯಾಕಪ್ಪ ಒಪ್ಪಲಿಲ್ಲ? ಕದ್ರಿ ಗೋಪಾಲನಾಥ್ ಅನ್ನೋದಲ್ವ? ನಮ್ಮ ಕಡೆ ಗಟ್ಟಿಮೇಳಕ್ಕೆ ಈ ವಾದ್ಯ ಬಂದು ನಿಂತಿದೆ ಅಂದ್ರೆ ಅದು ಅವರ ಪುಣ್ಯ. ಶ್ರೀನಿವಾಸಪುರದಿಂದ ಮಾಲೂರಿನ ತನಕ ಯಾವ ಛತ್ರಕ್ಕೆ ಹೋಗಿ ಕೇಳು, ಸ್ಯಾಕ್ಸೋಫೋನ್ ಅಂದರೆ ಜನಕ್ಕೆ ಮೊದಲು ಅವರ ಮುಖವೇ ನೆನಪಾಗೋದು.

ಅಳಿಯ: ನನಗೂ ಅವರು ಪ್ರಾಣ. ಆದರೆ ಈ ವಾದ್ಯ ಜಾಝ್‌ನಲ್ಲಿ ಬೆಳೆದಿದ್ದು ಮಾವ. ಕೋಲ್ಮನ್ ಹಾಕಿನ್ಸ್, ಲೆಸ್ಟರ್ ಯಂಗ್, ಚಾರ್ಲಿ ಪಾರ್ಕರ್, ಸಾನಿ ರೋಲಿನ್ಸ್, ಜಾನ್ ಕೋಲ್ಟ್ರೇನ್, ಇವರನ್ನೆಲ್ಲ ಕೇಳದೆ ತೀರ್ಪು ಕೊಟ್ಟರೆ ನ್ಯಾಯವಾಗಲ್ಲ. ಅಲ್ಲದೆ ಒಬ್ಬರನ್ನು ಮೇಲೆ ಕೂರಿಸಿ ಇನ್ನೊಬ್ಬರನ್ನು ಕೆಳಗೆ ಕೂರಿಸೋಕೆ ಯಾವ ಅಳತೆ ಇಟ್ಟುಕೊಳ್ಳೋದು? ವೇಗವೇ? ಜನಪ್ರಿಯತೆಯೇ?

ಮಾವ: ಅಳತೆ ನಮ್ಮ ಹತ್ತಿರ ಇದೆ. ನನ್ನ ಗುರುಗಳು ಒಬ್ಬ ನಾದಸ್ವರದವನನ್ನು ನಾಲ್ಕು ಮಾತಲ್ಲಿ ತೂಗ್ತಿದ್ದರು. ನಾದ ಹೇಗಿದೆ, ಜ್ಞಾನ ಎಷ್ಟಿದೆ, ಲಯ ಗಟ್ಟಿಯೇ, ಮನೋಧರ್ಮ ಸ್ವಂತದ್ದೇ. ಈ ನಾಲ್ಕು ಎಲ್ಲಿಯ ಸಂಗೀತಕ್ಕೂ ಸಲ್ಲಬೇಕು. ನಿನ್ನವರನ್ನು ಒಬ್ಬೊಬ್ಬರಾಗಿ ಕರಿ, ನೋಡೋಣ.

ಅಳಿಯ: ಸರಿ. ಮೊದಲು ವಾದ್ಯದ ಹುಟ್ಟು ಹೇಳಿಬಿಡ್ತೀನಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹಿತ್ತಾಳೆ ವಾದ್ಯಗಳ ಜೋರು, ಮರದ ವಾದ್ಯಗಳ ಮೃದುತನ ಎರಡೂ ಒಂದರಲ್ಲೇ ಸಿಗಬೇಕು ಅನ್ನೋದು ಅವನ ಆಸೆ. ಮೈ ಹಿತ್ತಾಳೆ, ಬಾಯಲ್ಲಿ ಒಂದೇ ಎಲೆಯ ಬೆತ್ತದ ರೀಡ್. ಮೊದಲು ಇದನ್ನು ಎತ್ತಿಕೊಂಡದ್ದು ಸೈನ್ಯದ ಬ್ಯಾಂಡುಗಳು. ನ್ಯೂ ಆರ್ಲಿಯನ್ಸ್‌ನ ಮೊದಮೊದಲ ಜಾಝ್ ಮೇಳಗಳಲ್ಲಿ ಕಾರ್ನೆಟ್, ಕ್ಲ್ಯಾರಿನೆಟ್, ಟ್ರಾಂಬೋನ್‌ಗಳದ್ದೇ ದರ್ಬಾರು. ಸ್ಯಾಕ್ಸೋಫೋನ್ ಅಂದರೆ ವಿನೋದದ ಆಟಗಳಲ್ಲಿ ಪ್ರಾಣಿಗಳ ಕೂಗು ತೆಗೆದು ನಗಿಸೋ ವಾದ್ಯ ಅಂತಲೇ ಬಹಳ ಜನ ತಿಳಿದಿದ್ದರು.

ಮಾವ: ಅದಕ್ಕೆ ಮರ್ಯಾದೆ ತಂದವನು ಯಾರು?

ಅಳಿಯ: ಕೋಲ್ಮನ್ ಹಾಕಿನ್ಸ್. ಅದೂ ಟೆನರ್ ಸ್ಯಾಕ್ಸೋಫೋನ್‌ನಲ್ಲಿ. 1924ರಿಂದ ಹತ್ತು ವರ್ಷ ಫ್ಲೆಚರ್ ಹೆಂಡರ್ಸನ್ ಅವರ ವಾದ್ಯವೃಂದದಲ್ಲಿದ್ದ. ಆಮೇಲೆ ಐದು ವರ್ಷ ಯೂರೋಪಿನಲ್ಲಿ. ವಾಪಸು ಬಂದು 1939ರ ಅಕ್ಟೋಬರ್ 11ರಂದು 'ಬಾಡಿ ಅಂಡ್ ಸೋಲ್' ಅನ್ನೋ ಹಾಡನ್ನು ರೆಕಾರ್ಡ್ ಮಾಡಿದ. ಕೇಳಿ ನೋಡಿ, ಇಲ್ಲೇ ಇದೆ.

ಮಾವ: (ಕೇಳಿ) ನಾದ ಗುಂಡಗಿದೆ. ಹೊಟ್ಟೆಯಿಂದ ಎದ್ದು ಬರ್ತಿದೆ. ಆದರೆ ಹಾಡು ಎಲ್ಲಿ? ಶುರುವಿನಲ್ಲಿ ಒಂದಿಷ್ಟು ಕಾಣಿಸಿ ಹೋಯಿತು, ಆಮೇಲೆಲ್ಲ ಇವನದ್ದೇ ಕಲ್ಪನೆ.

ಅಳಿಯ: ಅದೇ ಅವನ ಕೊಡುಗೆ. ಮೂರು ನಿಮಿಷದ ತಟ್ಟೆಯಲ್ಲಿ ಮೂಲ ಹಾಡನ್ನು ಬಹುಪಾಲು ಬಿಟ್ಟು, ಅದರ ಕೆಳಗಿರೋ ಸ್ವರಗುಚ್ಛಗಳನ್ನು ಬಿಡಿಸಿ ಬಿಡಿಸಿ ಹೊಸ ಮಾತು ಕಟ್ಟಿದ. ಅವರಲ್ಲಿ ಪಿಯಾನೋದವನು ಮೂರು ನಾಲ್ಕು ಸ್ವರ ಒಟ್ಟಿಗೆ ಹಿಡೀತಾನೆ. ಅದಕ್ಕೆ ಕಾರ್ಡ್ ಅಂತಾರೆ. ಹಾಡು ನಡೆದಂತೆಲ್ಲ ಅವು ಬದಲಾಗ್ತಾ ಹೋಗ್ತವೆ. ನುಡಿಸೋನು ಒಂದೊಂದರಲ್ಲೂ ಯಾವ ಸ್ವರ ಒಗ್ಗುತ್ತೆ ಅಂತ ತಿಳಿದು, ತಾಳ ತಪ್ಪದೆ ದಾಟಬೇಕು.

ಮಾವ: ಹಾಗಾದರೆ ನಾದದಲ್ಲೂ ಜ್ಞಾನದಲ್ಲೂ ಪೂರ್ತಿ ಅಂಕ. ಮುಂದಿನವನು?

ಅಳಿಯ: ಲೆಸ್ಟರ್ ಯಂಗ್. ಹಾಕಿನ್ಸ್ ಬಿಟ್ಟು ಹೋದ ಜಾಗಕ್ಕೆ 1934ರಲ್ಲಿ ಇವನನ್ನೇ ಕರೆದರು. ಇವನ ನಾದ ತೆಳು, ಹಗುರ. ಜೊತೆಯವರಿಗೆ ಹಿಡಿಸಲಿಲ್ಲ. ಹೆಂಡರ್ಸನ್ ಅವರ ಹೆಂಡತಿ ಹಾಕಿನ್ಸ್‌ನ ರೆಕಾರ್ಡು ಹಾಕಿ ಹಾಕಿ, ಹೀಗೆ ನುಡಿಸೋಕೆ ಆಗಲ್ವೇ ಅಂತ ಕೇಳಿದರಂತೆ. ಯಂಗ್ ತನ್ನ ದನಿ ಬದಲಾಯಿಸಿಕೊಳ್ಳಲಿಲ್ಲ. ಕೆಲಸ ಬಿಟ್ಟು ನಡೆದ. ಎರಡು ವರ್ಷ ಕಳೆದ ಮೇಲೆ ಕೌಂಟ್ ಬೇಸಿ ಅವರ ಕಡೆಯವರ ಜೊತೆ ನುಡಿಸಿದ ರೆಕಾರ್ಡುಗಳನ್ನು ಕೇಳಿ ಒಂದು ತಲೆಮಾರು ಅವನ ಹಿಂದೆ ಹೋಯಿತು. ಗಾಯಕಿ ಬಿಲ್ಲಿ ಹಾಲಿಡೇ ಅವನನ್ನು ಪ್ರೆಸಿಡೆಂಟ್ ಅಂತಲೇ ಕರೆದಳು.

ಮಾವ: ಇದು ನನಗೆ ತುಂಬಾ ಇಷ್ಟವಾಯಿತು ಕಣಪ್ಪ. ಮೇಳದಲ್ಲಿ ದೊಡ್ಡವರ ಹಾಗೆ ಊದು ಅಂತ ಎಲ್ಲ ಹುಡುಗರಿಗೂ ಹೇಳ್ತಾರೆ. ಹಾಗೆ ಊದಿದವನಿಗೆ ಕರೆ ಬರುತ್ತೆ, ಸಂಭಾವನೆ ಸಿಗುತ್ತೆ. ತನ್ನ ದನಿಯಲ್ಲೇ ನಿಲ್ಲೋಕೆ ಗಟ್ಟಿ ಮನಸ್ಸು ಬೇಕು. ಮನೋಧರ್ಮ ಅಂದರೆ ಬರೀ ಕಲ್ಪನಾಸ್ವರ ಹಾಕೋದಲ್ಲ, ಇಂಥ ಸ್ಥೈರ್ಯವೂ ಅದೇ. ಅವನು ನುಡಿಸೋ ರೀತಿ ಹೇಗೆ ಬೇರೆ?

ಅಳಿಯ: ಹಾಕಿನ್ಸ್ ಪ್ರತಿ ಕಾರ್ಡನ್ನೂ ಮೇಲೆ ಕೆಳಗೆ ಹತ್ತಿ ಇಳೀತಾನೆ. ಯಂಗ್ ಅವುಗಳ ಮೇಲೆ ಅಡ್ಡಲಾಗಿ ಒಂದು ಉದ್ದನೆ ಗೆರೆ ಎಳೀತಾನೆ. ನಡುವೆ ಸುಮ್ಮನಿರೋದೂ ಅವನಿಗೆ ಗೊತ್ತು. ಈ ಯಂಗ್‌ನ ರೆಕಾರ್ಡುಗಳನ್ನೇ ಪಾಠವಾಗಿ ಇಟ್ಟುಕೊಂಡು ಕೂತ ಹುಡುಗ ಚಾರ್ಲಿ ಪಾರ್ಕರ್.

ಮಾವ: ಅವನ ಹೆಸರು ನಾನೂ ಕೇಳಿದೀನಿ.

ಅಳಿಯ: 1936ರಲ್ಲಿ ಕನ್ಸಾಸ್ ಸಿಟಿಯಲ್ಲಿ ದೊಡ್ಡವರ ಜೊತೆ ನುಡಿಸೋಕೆ ಹೋಗಿ ದಾರಿ ತಪ್ಪಿದ. ಆಗ ಅವನಿಗೆ ಹದಿನಾರರ ಹತ್ತಿರ. ಡ್ರಮ್ಮರ್ ಜೋ ಜೋನ್ಸ್ ಒಂದು ತಾಳದ ತಟ್ಟೆಯನ್ನು ಅವನ ಕಾಲ ಹತ್ತಿರ ಎಸೆದ, ಇಳಿದು ಹೋಗು ಅಂತ. ಆಮೇಲೆ ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡ್ತಿದ್ದೆ ಅಂತ ಅವನೇ ಒಂದು ಸಂದರ್ಶನದಲ್ಲಿ ಹೇಳಿದಾನೆ. 1945ರಲ್ಲಿ 'ಕೊ-ಕೊ' ರೆಕಾರ್ಡ್ ಮಾಡೋ ಹೊತ್ತಿಗೆ ಅವನೂ ಟ್ರಂಪೆಟ್‌ನ ಡಿಝಿ ಗಿಲೆಸ್ಪಿಯೂ ಸೇರಿ ಹೊಸ ಸಂಗೀತವನ್ನೇ ಕಟ್ಟಿದ್ದರು. ಬೀಬಾಪ್ ಅಂತಾರೆ.

ಮಾವ: ಹಾಕು. (ಕೇಳಿ) ಅಬ್ಬಾ! ಇದು ಮೂರನೇ ಕಾಲದಲ್ಲೇ ಹುಟ್ಟಿ ಮೂರನೇ ಕಾಲದಲ್ಲೇ ಬದುಕೋ ಸಂಗೀತ. ವೇಗ ಇರಲಿ, ಅದನ್ನು ಅಭ್ಯಾಸದಿಂದ ತರಬಹುದು. ಒತ್ತು ಎಲ್ಲಿ ಹಾಕ್ತಾನೆ ನೋಡು. ಎತ್ತುಗಡೆ ಎಲ್ಲೋ ಅರ್ಧ ಎಣಿಕೆಯಲ್ಲಿ, ಮುಕ್ತಾಯ ಇನ್ನೆಲ್ಲೋ. ನಮ್ಮ ಡೋಲಿನವರು ಕೇಳಿದರೆ ಕುಣಿದುಬಿಡ್ತಾರೆ. ಲಯಕ್ಕೆ ಇವನು.

ಅಳಿಯ: ಅವನು 1955ರಲ್ಲಿ ತೀರಿಕೊಂಡಾಗ 34 ವರ್ಷ. ಮಾದಕ ವಸ್ತು, ಕುಡಿತ ದೇಹವನ್ನು ತಿಂದುಹಾಕಿದ್ದವು. ಅದನ್ನೇ ನಕಲು ಮಾಡಿದರೆ ಅವನ ಹಾಗೆ ನುಡಿಸಬಹುದು ಅಂತ ನಂಬಿ ಎಷ್ಟೋ ಹುಡುಗರು ಹಾಳಾದರು. ನನ್ನ ಮಕ್ಕಳಿಗೆ ನಾನು ಇದನ್ನೂ ಹೇಳ್ತೀನಿ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಆ ಹದಿನೈದು ಗಂಟೆಗಳು.

ಮಾವ: ಹೇಳಲೇಬೇಕು. ಮುಂದೆ ಹೇಳು.

ಅಳಿಯ: ಸಾನಿ ರೋಲಿನ್ಸ್. 1956ರ 'ಸ್ಯಾಕ್ಸೋಫೋನ್ ಕೊಲಾಸಸ್' ಆಲ್ಬಂನಲ್ಲಿ 'ಬ್ಲೂ 7' ಅಂತ ಒಂದು ನುಡಿಸಾಣಿಕೆ ಇದೆ. ಶುರುವಿನಲ್ಲಿ ಒಂದು ಪುಟ್ಟ ಸ್ವರಗಂಟು ಇಡ್ತಾನೆ. ಹನ್ನೊಂದು ನಿಮಿಷದ ತುಂಬಾ ಅದನ್ನೇ ತಿರುಗಿಸಿ, ಮುರಿದು, ಹಿಗ್ಗಿಸಿ, ಮತ್ತೆ ಜೋಡಿಸಿ ಬೆಳೆಸ್ತಾನೆ. ಗುಂಥರ್ ಶುಲ್ಲರ್ ಅನ್ನೋ ವಿಮರ್ಶಕ ಬರೀ ಇದರ ಮೇಲೆ 1958ರಲ್ಲಿ ಒಂದು ದೊಡ್ಡ ಲೇಖನ ಬರೆದ.

ಮಾವ: ಇದು ನೆರವಲ್ ಕಣೋ! ಸಾಹಿತ್ಯದ ಒಂದೇ ಸಾಲು, ಅದರ ಎತ್ತುಗಡೆಯ ಜಾಗ ಬಿಡದೆ, ಅಕ್ಷರದ ಜಾಗ ಕೆಡಿಸದೆ ಬೆಳೆಸ್ತಾ ಹೋಗೋದು. ಎಲ್ಲೆಲ್ಲೋ ಹಾರದೆ ಒಂದರಲ್ಲೇ ಇದ್ದು ಬೆಳೆಸಬೇಕು ಅಂದರೆ ಬುದ್ಧಿ ಬಹಳ ಬೇಕು.

ಅಳಿಯ: ಹೆಸರು ಮುಗಿಲು ಮುಟ್ಟಿದ್ದಾಗಲೇ, 1959ರಲ್ಲಿ, ಇನ್ನೂ ಕಲಿಯೋದಿದೆ ಅಂತ ಕಚೇರಿ ನಿಲ್ಲಿಸಿಬಿಟ್ಟ. ಮನೆಯಲ್ಲಿ ಊದಿದರೆ ಅಕ್ಕಪಕ್ಕದವರಿಗೆ, ಅದರಲ್ಲೂ ಪಕ್ಕದ ಮನೆಯ ಬಸುರಿ ಹೆಂಗಸಿಗೆ ತೊಂದರೆ ಅಂತ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ನಿಂತು ನುಡಿಸ್ತಿದ್ದ. ಎರಡು ವರ್ಷ, ಚಳಿಯಲ್ಲೂ. 1962ರಲ್ಲಿ ಹೊರಬಂದ ಆಲ್ಬಂಗೆ 'ದಿ ಬ್ರಿಜ್' ಅಂತಲೇ ಹೆಸರಿಟ್ಟ.

ಮಾವ: ನಾವೂ ಕೆರೆ ಏರಿ ಮೇಲೆ ಊದಿ ಕಲಿತವರೇ. ಬೆಳಗಿನ ಜಾವ ಊರೊಳಗೆ ನಾದಸ್ವರ ಎತ್ತಿದರೆ ಯಾರು ಸುಮ್ಮನಿರ್ತಾರೆ? ಆದರೆ ಹೆಸರು ಬಂದ ಮೇಲೆ ಕಚೇರಿ ಬಿಟ್ಟು ಸಾಧಕಕ್ಕೆ ಹೋದವನನ್ನು ನಾನು ಕಂಡಿಲ್ಲ. ದೊಡ್ಡ ಮನುಷ್ಯ.

ಅಳಿಯ: ಈಗ ಜಾನ್ ಕೋಲ್ಟ್ರೇನ್. ಇವನನ್ನು ನೀವು ಗಮನವಿಟ್ಟು ಕೇಳಬೇಕು. 1959ರಲ್ಲಿ ಒಂದೇ ವರ್ಷದೊಳಗೆ ಇವನು ಎರಡು ತುದಿ ಮುಟ್ಟಿದ. 'ಜಯಂಟ್ ಸ್ಟೆಪ್ಸ್'ನಲ್ಲಿ ಕಾರ್ಡುಗಳು ಉಸಿರು ಬಿಡದ ಹಾಗೆ ಬದಲಾಗ್ತವೆ. ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಅವರ ಜೊತೆ ನುಡಿಸಿದ 'ಕೈಂಡ್ ಆಫ್ ಬ್ಲೂ'ನಲ್ಲಿ ಕಾರ್ಡುಗಳನ್ನು ಹೆಚ್ಚುಕಡಿಮೆ ಕೈಬಿಟ್ಟು, ಒಂದೊಂದು ಸ್ವರಶ್ರೇಣಿಯಲ್ಲೇ ಬಹಳ ಹೊತ್ತು ನಿಲ್ತಾರೆ. ಅದಕ್ಕೆ ಮೋಡಲ್ ಜಾಝ್ ಅಂತಾರೆ. ನಮ್ಮ ರಾಗದ ಪಕ್ಕಕ್ಕೆ ಬಂದ ಹಾಗೆ.

ಮಾವ: ಪಕ್ಕಕ್ಕೆ ಬಂದ ಹಾಗೆ, ಅಷ್ಟೇ. ಸ್ವರಗಳ ಪಟ್ಟಿ ರಾಗ ಆಗಲ್ಲ. ರಾಗಿ ಹಿಟ್ಟು, ಬಿಸಿನೀರು ಎರಡೂ ಇದ್ದರೆ ಮುದ್ದೆ ಆಗುತ್ತಾ? ಕೋಲು ಹಿಡಿದು ತಿರುವೋ ಕೈ ಬೇಕು. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ಎಲ್ಲಿ ಗಮಕ, ಯಾವ ಸಂಚಾರ, ಇದೆಲ್ಲ ಸೇರಿದರೆ ರಾಗ.

ಅಳಿಯ: ಒಪ್ಪಿದೆ. ಆದರೂ ಅವನು ನಮ್ಮ ಕಡೆಗೆ ಕಿವಿ ತೆರೆದಿದ್ದ. 1961ರಲ್ಲಿ 'ಇಂಡಿಯಾ' ಅಂತಲೇ ಒಂದು ಕೃತಿ ನುಡಿಸಿದ. ಪಂಡಿತ್ ರವಿಶಂಕರ್ ಮೇಲಿನ ಗೌರವಕ್ಕೆ ಮಗನಿಗೆ ರವಿ ಅಂತ ಹೆಸರಿಟ್ಟ. ಆ ಮಗನೂ ಈಗ ಹೆಸರಾಂತ ಸ್ಯಾಕ್ಸೋಫೋನ್ ವಾದಕ. 1964ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿದ 'ಎ ಲವ್ ಸುಪ್ರೀಂ' ನಾಲ್ಕು ಭಾಗದ್ದು. ಅದನ್ನು ದೇವರಿಗೆ ಅರ್ಪಣೆ ಅಂತ ಬರೆದೇ ಕೊಟ್ಟಿದಾನೆ. ಸಾಯೋವಾಗ ನಲವತ್ತೇ ವರ್ಷ, 1967ರಲ್ಲಿ. ಈಗ ಬೇರೊಂದು ಹಾಕ್ತೀನಿ, ಅವನ ಸೊಪ್ರಾನೋ ಸ್ಯಾಕ್ಸೋಫೋನ್, ಕೇಳಿ.

ಮಾವ: (ಬಹಳ ಹೊತ್ತು ಕೇಳಿ) ಈ ನೇರ ಕೊಳವೆ ವಾದ್ಯದ ದನಿಯಲ್ಲಿ ನಾದಸ್ವರದ ಚುರುಕು ಇದೆ. ಸ್ವರ ಮುಗಿದರೂ ಬಿಡ್ತಿಲ್ಲ, ಅದೇ ಜಾಗಕ್ಕೆ ಮತ್ತೆ ಮತ್ತೆ ಬರ್ತಾನೆ. ಇವನಿಗೆ ಸಭೆ ಮೆಚ್ಚಬೇಕು ಅನ್ನೋದಿಲ್ಲ. ದೇವರ ಉತ್ಸವದ ಮುಂದೆ ರಾತ್ರಿಯೆಲ್ಲ ಊದಿದವನಿಗೆ ಇದು ಅರ್ಥವಾಗುತ್ತೆ. ಇವನದ್ದು ಭಕ್ತಿ.

ಅಳಿಯ: ನಿಮ್ಮ ನಾಲ್ಕು ಅಳತೆಯಲ್ಲಿ ಅದು ಇರಲಿಲ್ಲ.

ಮಾವ: ಇರಲಿಲ್ಲ. ಅಳತೆ ಸಾಲದೇ ಹೋದರೆ ಅಳತೆಯನ್ನೇ ಹಿಗ್ಗಿಸಬೇಕು. ನೋಡು, ಇಷ್ಟು ಹೊತ್ತು ಕೇಳಿದ್ದರಲ್ಲಿ ನನಗೆ ಒಂದು ಕಾಣಿಸ್ತಿದೆ. ಒಬ್ಬೊಬ್ಬರೂ ಬಂದು ಹೋದ ಮೇಲೆ ವಾದ್ಯ ಮೊದಲಿನ ಹಾಗೆ ಉಳೀಲಿಲ್ಲ. ಹಾಕಿನ್ಸ್ ಬಂದ ಮೇಲೆ ಅದಕ್ಕೆ ಗಾಂಭೀರ್ಯ ಬಂತು. ಯಂಗ್ ಬಂದ ಮೇಲೆ ಮೆಲ್ಲಗೆ ಮಾತಾಡೋದು ಬಂತು. ಪಾರ್ಕರ್ ಲಯದ ಕಟ್ಟು ಬದಲಿಸಿದ. ರೋಲಿನ್ಸ್ ಒಂದೇ ಮಾತನ್ನು ಬೆಳೆಸೋದು ಕಲಿಸಿದ. ಕೋಲ್ಟ್ರೇನ್ ಪ್ರಾರ್ಥನೆ ಕಲಿಸಿದ. ಹಾಗಾದರೆ ಕೇಳಬೇಕಾದ್ದು ಇದು: ಇವರು ಬರೋಕೆ ಮುಂಚೆ ಈ ವಾದ್ಯಕ್ಕೆ ಏನು ಬರ್ತಿರಲಿಲ್ಲ?

ಅಳಿಯ: ಅದೇ ಪ್ರಶ್ನೆಯನ್ನು ಗೋಪಾಲನಾಥರಿಗೂ ಹಾಕೋಣವೇ?

ಮಾವ: ಹಾಕಲೇಬೇಕು. ಅವರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾದಸ್ವರದವರು. ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮರುಳಾದರು. ಮಹಾರಾಜರ ಕಾಲದಿಂದ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದ ಇತ್ತಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಹತ್ತಿರ ಪಾಠ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ. ಈಗ ಕಷ್ಟ ಎಲ್ಲಿದೆ ಹೇಳ್ತೀನಿ ಕೇಳು. ನಾದಸ್ವರದ ತೂತು ಬೆರಳಿಗೆ ನೇರ ಸಿಗುತ್ತೆ. ಅರ್ಧ ಮುಚ್ಚು, ಕಾಲು ಮುಚ್ಚು, ಬೆರಳು ಜಾರಿಸು, ಗಮಕ ತಾನಾಗಿ ಹುಟ್ಟುತ್ತೆ. ಸ್ಯಾಕ್ಸೋಫೋನ್‌ನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿ. ಒತ್ತಿದರೆ ಮೆತ್ತೆ ಬಂದು ಪೂರ್ತಿ ಮುಚ್ಚುತ್ತೆ, ಬಿಟ್ಟರೆ ಪೂರ್ತಿ ತೆರೆಯುತ್ತೆ. ಸ್ವರದಿಂದ ಸ್ವರಕ್ಕೆ ನೆಗೆಯೋ ಹಾಗೆ ಮಾಡಿದ ಯಂತ್ರ ಅದು. ತೋಡಿಯ ಗಾಂಧಾರವನ್ನು ಅದರಲ್ಲಿ ತರಬೇಕು ಅಂದರೆ ತುಟಿ, ಗಂಟಲು, ಉಸಿರಿನ ಒತ್ತಡ, ಕೀಲಿ ಬಿಡೋ ನಿಧಾನ, ಎಲ್ಲವೂ ಕೂಡಿ ಕೆಲಸ ಮಾಡಬೇಕು.

ಅಳಿಯ: ಜಾಝ್‌ನವರೂ ಸ್ವರ ಜಾರಿಸ್ತಾರೆ ಮಾವ. ಡ್ಯೂಕ್ ಎಲಿಂಗ್ಟನ್ ಮೇಳದಲ್ಲಿ ಜಾನಿ ಹಾಜಸ್ ಅಂತ ಇದ್ದ. ಗೋಪಾಲನಾಥರದ್ದೂ ಅವನದ್ದೂ ಒಂದೇ ಜಾತಿ, ಆಲ್ಟೋ ಸ್ಯಾಕ್ಸೋಫೋನ್. ಅವನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದನ್ನು ಕೇಳಿದರೆ ಕಣ್ಣು ಮುಚ್ಚಿಕೊಳ್ಳಬೇಕು.

ಮಾವ: ಇರಲಿ, ಅದು ಅಲಂಕಾರ. ಬೇಕಾದಾಗ ಹಾಕಬಹುದು, ಬೇಡದಿದ್ದರೆ ಬಿಡಬಹುದು. ನಮಗೆ ಗಮಕ ಬಿಡೋ ಹಾಗಿಲ್ಲ, ಅದಿಲ್ಲದೆ ರಾಗವೇ ಇಲ್ಲ. ಒಂದು ಕಚೇರಿಯ ಉದ್ದಕ್ಕೂ, ವರ್ಣದಿಂದ ಮಂಗಳದ ತನಕ, ಪ್ರತಿ ರಾಗಕ್ಕೂ ಅದರದ್ದೇ ಗಮಕವನ್ನು ಆ ಯಂತ್ರದಿಂದ ಹೊರಡಿಸಿದರಲ್ಲ, ಅದು ಅವರ ಕೊಡುಗೆ. ವಾದ್ಯವನ್ನೂ ತಮಗೆ ಬೇಕಾದ ಹಾಗೆ ಅಷ್ಟಿಷ್ಟು ಮಾರ್ಪಡಿಸಿಕೊಂಡರು. ಹಾಡೋ ಗಂಟಲಿನ ಹಾಗೆ ಸ್ಯಾಕ್ಸೋಫೋನ್ ರಾಗ ಹಾಡುತ್ತೆ ಅಂತ ಜಗತ್ತಿಗೆ ಗೊತ್ತುಮಾಡಿದರು. ಅದಕ್ಕೆ ಮುಂಚೆ ನಮ್ಮ ಜನ ಈ ವಾದ್ಯವನ್ನು ಎಲ್ಲಿ ಕೇಳಿದ್ದರು? ಸಿನಿಮಾದ ಕ್ಲಬ್ ಹಾಡಿನಲ್ಲಿ, ಕೆಜಿಎಫ್ ಕಡೆಯ ಡ್ಯಾನ್ಸ್ ಬ್ಯಾಂಡುಗಳಲ್ಲಿ. ಅದನ್ನು ಅವರು ದೇವಸ್ಥಾನದೊಳಕ್ಕೆ ತಂದು ಕೂರಿಸಿದರು.

ಅಳಿಯ: ಇದರಲ್ಲಿ ನಾನು ನಿಮ್ಮ ಜೊತೆ. ಆದರೆ ಹುಡುಗರಿಗೆ ಜಾಝ್ ವಿಷಯ ಹೇಳುವಾಗ ಅವರನ್ನು ಎಲ್ಲಿಡೋದು? ಅವರು ಜಾಝ್ ನುಡಿಸಿದವರಲ್ಲ. ಜಾಝ್ ವೇದಿಕೆಯ ಮೇಲೂ ಅವರು ನುಡಿಸಿದ್ದು ಕರ್ನಾಟಕ ಸಂಗೀತವನ್ನೇ.

ಮಾವ: ಜಾಝ್‌ನವರು ಅವರಿಂದ ಏನು ಪಡೆದರು, ನೀನೇ ಹೇಳು. ನಿನಗೆ ಗೊತ್ತಿರುತ್ತೆ.

ಅಳಿಯ: 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವ. ಅಮೆರಿಕದ ಜಾನ್ ಹ್ಯಾಂಡಿ ಇವರ ನುಡಿಸಾಣಿಕೆ ಕೇಳಿ, ಜೊತೆಯಲ್ಲಿ ನುಡಿಸಬೇಕು ಅಂತ ತಾನೇ ಕೇಳಿಕೊಂಡು ವೇದಿಕೆ ಹತ್ತಿದ. ಹ್ಯಾಂಡಿಗೆ ನಮ್ಮ ಸಂಗೀತ ಹೊಸದಲ್ಲ. ಅದಕ್ಕೆ ಮುಂಚೆಯೇ ಸರೋದ್‌ನ ಅಲಿ ಅಕ್ಬರ್ ಖಾನ್ ಅವರ ಜೊತೆ ರೆಕಾರ್ಡ್ ಮಾಡಿದ್ದವನು. ತನ್ನ ಕೈಯಲ್ಲಿರೋ ಅದೇ ಆಲ್ಟೋ ಇನ್ನೊಬ್ಬರ ಕೈಯಲ್ಲಿ ಬೇರೆಯೇ ಮಾತಾಡ್ತಿದೆ ಅನ್ನೋದು ಅವನನ್ನು ಎಳೆದಿರಬೇಕು. ಆಮೇಲೆ ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳು. 1994ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್. ಅಲ್ಲಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಕೊಳಲಿನ ಜೇಮ್ಸ್ ನ್ಯೂಟನ್ ಜೊತೆ 'ಸದರ್ನ್ ಬ್ರದರ್ಸ್' ಬಂತು. ಎಲ್ಲಕ್ಕಿಂತ ದೊಡ್ಡದು ರುದ್ರೇಶ್ ಮಹಾಂತಪ್ಪ.

ಮಾವ: ಹೆಸರು ನಮ್ಮ ಕಡೆಯದ್ದೇ ಇದೆಯಲ್ಲ!

ಅಳಿಯ: ನಮ್ಮವರೇ ಮಾವ. ಕರ್ನಾಟಕದಿಂದ ಹೋದ ಕನ್ನಡದ ಕುಟುಂಬ. ತಂದೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪ್ರೊಫೆಸರ್ ಆಗಿದ್ದವರು. ಇವರು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದರು. ಪಾರ್ಕರ್‌ನನ್ನು ಕೇಳಿ ಆಲ್ಟೋ ಹುಚ್ಚು ಹಿಡಿಸಿಕೊಂಡರು. ಭಾರತದ ಮುಖ ನೋಡಿ ಜನ ಭಾರತೀಯ ಸಂಗೀತ ಗೊತ್ತಿರಬೇಕು ಅಂದುಕೊಳ್ಳೋರು, ಇವರಿಗೆ ಗೊತ್ತಿದ್ದದ್ದು ಜಾಝ್. ಬಾಸ್ಟನ್ನಿನ ಬರ್ಕ್ಲಿಯಲ್ಲಿ ಓದ್ತಿದ್ದಾಗ ಅಣ್ಣ ಒಂದು ರೆಕಾರ್ಡಿಂಗ್ ತಂದುಕೊಟ್ಟ, 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ಗೋಪಾಲನಾಥರದ್ದು. ತಮಾಷೆಗೆ ಅಂತ ಕೊಟ್ಟದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

ಮಾವ: ಆಮೇಲೆ ಇಬ್ಬರೂ ಕೂಡಿದರೇ?

ಅಳಿಯ: ಕೂಡಿದರು. 2008ರಲ್ಲಿ 'ಕಿನ್ಸ್‌ಮೆನ್' ಆಲ್ಬಂ ಬಂತು. ಎರಡು ಆಲ್ಟೋ, ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು, ಬಾಸ್, ಡ್ರಮ್. ಗೋಪಾಲನಾಥರು ರಾಗ ಬಿಡಿಸ್ತಾರೆ, ರುದ್ರೇಶ್ ಅದೇ ಸ್ವರಗಳನ್ನು ಎತ್ತಿಕೊಂಡು ಪಾರ್ಕರ್ ದಾರಿಯಲ್ಲಿ ಓಡ್ತಾರೆ. ಕೇಳಿ. ಇಲ್ಲಿ ಯಾರು ಯಾರು ಅಂತ ಹೇಳ್ತೀರಾ?

ಮಾವ: (ಕೇಳಿ) ಇದು ಗೋಪಾಲನಾಥರು. ಸ್ವರ ನಿಂತ ಕಡೆ ಅಲುಗ್ತಿದೆ. ಈಗ ಬಂದವನು ಆ ಹುಡುಗ. ಸ್ವರದ ಅಂಚು ಚೂಪಾಗಿದೆ, ಬೀಸು ಜೋರು. ಗಮಕ ಮಾಡೋಕೆ ಹೋಗದೆಯೇ ಅದರ ನೆರಳು ತಂದುಕೊಳ್ತಿದಾನೆ. ಇಬ್ಬರೂ ತಮ್ಮ ತಮ್ಮ ಮನೆ ಬಿಡದೆ ಮಾತಾಡ್ತಿದಾರೆ ಕಣಪ್ಪ. ನನಗೆ ಇದರಲ್ಲೇ ಬೆಲೆ ಕಾಣೋದು. ಗೋಪಾಲನಾಥರು ಜಾಝ್ ಆಗೋಕೆ ಹೋಗಿದ್ದರೆ ಜಾಝ್‌ಗೆ ಇನ್ನೊಬ್ಬ ವಾದಕ ಸಿಗ್ತಿದ್ದ, ಅಷ್ಟೇ. ತಮ್ಮ ಸಂಗೀತದಲ್ಲೇ ನಿಂತದ್ದರಿಂದ ಆ ಹುಡುಗನಿಗೆ ಬೇರೆ ಎಲ್ಲೂ ಸಿಗದೇ ಇದ್ದದ್ದು ಸಿಕ್ಕಿತು.

ಅಳಿಯ: ಎದುರು ದಿಕ್ಕಿನಿಂದ ಬಂದವರೂ ಇದಾರೆ. ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ. ಚಾರ್ಲ್ಸ್ ಮಿಂಗಸ್ ಜೊತೆ 1963ರಲ್ಲಿ ಆಲ್ಟೋ ನುಡಿಸಿ ಹೆಸರು ಮಾಡಿದವರು. ಮಲೇಷ್ಯಾದಲ್ಲಿ ಪಾಠ ಹೇಳ್ತಿದ್ದಾಗ ನಾದಸ್ವರ ಕೇಳಿ ಮನಸೋತರು. ದಕ್ಷಿಣ ಭಾರತಕ್ಕೆ ಬಂದು ಅದನ್ನೇ ಕಲಿತರು. ಆಮೇಲೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿದರು. ಮೃದಂಗದ ಟಿ.ಎ.ಎಸ್. ಮಣಿ, ಹಾಡುಗಾರಿಕೆಯ ಆರ್.ಎ. ರಮಾಮಣಿ. 1983ರಲ್ಲಿ ಅವರೆಲ್ಲ ಕೂಡಿ ಮಾಡಿದ 'ಜ್ಯೋತಿ' ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು.

ಮಾವ: ನಾದಸ್ವರ ಕಲಿತ ಜಾಝ್‌ನವನು! ಅವನಿಗೆ ನನ್ನ ನಮಸ್ಕಾರ. ನಮ್ಮ ಹುಡುಗರು ಅದನ್ನು ಬಿಟ್ಟು ಓಡ್ತಿರೋ ಕಾಲದಲ್ಲಿ ಹೊರಗಿನಿಂದ ಬಂದು ಹಿಡಿದನಲ್ಲ.

ಅಳಿಯ: ಓಡೋಕೆ ಈ ಸ್ಯಾಕ್ಸೋಫೋನೂ ಒಂದು ಕಾರಣ ಅಲ್ವೇ ಮಾವ? ಕರಾವಳಿಯ ದೇವಸ್ಥಾನಗಳಲ್ಲೂ ಈಗ ನಾದಸ್ವರ ಇದ್ದ ಕಡೆ ಸ್ಯಾಕ್ಸೋಫೋನ್ ಕೇಳುತ್ತೆ.

ಮಾವ: ನೀನು ಕೇಳಿದ್ದು ಒಳ್ಳೇದಾಯಿತು. ಇದು ನನ್ನೊಳಗೆ ಬಹಳ ದಿನದಿಂದ ಇರೋ ಮಾತು. ಸ್ಯಾಕ್ಸೋಫೋನ್ ನನಗೆ ಅನ್ನ ಹಾಕಿದೆ. ಛತ್ರದವರು ಕೇಳಿದ್ದು ಅದನ್ನೇ, ನಾನು ಹಿಡಿದೆ. ಆದರೆ ಗೋಪಾಲನಾಥರಿಗೆ ಸ್ಯಾಕ್ಸೋಫೋನ್ ಹಾಡಿದ್ದು ಯಾಕೆ? ಅವರ ಕಿವಿಯಲ್ಲಿ ಮೊದಲು ತಂದೆಯ ನಾದಸ್ವರ ಇತ್ತು. ಆ ದನಿ ಕಿವಿಯಲ್ಲಿ ಇಲ್ಲದವನು ಸ್ಯಾಕ್ಸೋಫೋನ್ ಹಿಡಿದರೆ ಬರೋದು ಬರೀ ಸರಿಗಮ. ಕದನಕುತೂಹಲ ರಾಗದ ಆ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಕೃತಿ ಇದೆಯಲ್ಲ, ಬ್ಯಾಂಡಿನ ನಡೆ ಇರೋದು, ಅದು ಈ ವಾದ್ಯಕ್ಕೆ ಸಲೀಸು. ಇವತ್ತು ಎಲ್ಲರೂ ಅದನ್ನು ಊದ್ತಾರೆ, ಚಪ್ಪಾಳೆ ಬೀಳುತ್ತೆ. ತೋಡಿ ಊದು ಅಂದರೆ ಹಿಂದೆ ಸರೀತಾರೆ. ನಾದಸ್ವರ ಸತ್ತರೆ ಇಲ್ಲಿ ಸ್ಯಾಕ್ಸೋಫೋನೂ ಬಹಳ ದಿನ ಬಾಳಲ್ಲ. ಅದಕ್ಕೇ ಮೇಳದಲ್ಲಿ ಎರಡೂ ಇರಬೇಕು, ಕಲಿಯೋ ಹುಡುಗನಿಗೆ ಮೊದಲು ನಾದಸ್ವರವನ್ನೇ ಕೊಡಬೇಕು ಅಂತ ನಾನು ಹಟ ಹಿಡಿಯೋದು.

ಅಳಿಯ: ಜಾಝ್‌ನಲ್ಲೂ ನಡೆದದ್ದು ಅದೇ ತಾನೆ. ಪಾರ್ಕರ್ ಹೊಸದನ್ನು ಕಟ್ಟಿದ್ದು ಯಂಗ್‌ನನ್ನು ಬಾಯಿಪಾಠ ಮಾಡಿಕೊಂಡ ಮೇಲೆ. ರುದ್ರೇಶ್ ಕೂಡ 2015ರಲ್ಲಿ 'ಬರ್ಡ್ ಕಾಲ್ಸ್' ಅನ್ನೋ ಆಲ್ಬಂ ಪೂರ್ತಿ ಪಾರ್ಕರ್‌ಗೆ ಅರ್ಪಿಸಿದರು. ಗೋಪ್ಯವಾಗಿ ಅಲ್ಲ, ಹೆಸರು ಹೇಳಿ ಋಣ ಒಪ್ಪಿಕೊಂಡು. ದೊಡ್ಡವರೆಲ್ಲ ಹಿಂದಿನವರ ಋಣ ಹೊತ್ತುಕೊಂಡೇ ಮುಂದೆ ನಡೆದವರು.

ಮಾವ: ಹಾಗಂದ ಮೇಲೆ ಒಬ್ಬನನ್ನೇ ಎತ್ತಿ ದೊಡ್ಡವನು ಅನ್ನೋಕೆ ಹೇಗಾಗುತ್ತೆ? ಯಂಗ್‌ನನ್ನು ತೆಗೆದರೆ ಪಾರ್ಕರ್ ಇಲ್ಲ. ಪಾರ್ಕರ್‌ನನ್ನು ತೆಗೆದರೆ ರುದ್ರೇಶ್ ಇಲ್ಲ. ತನಿಯಪ್ಪನವರನ್ನು ತೆಗೆದರೆ ಗೋಪಾಲನಾಥರು ಇಲ್ಲ, ಅವರಿಲ್ಲದಿದ್ದರೆ ನನ್ನ ಕೈಯಲ್ಲಿ ಈ ವಾದ್ಯ ಇಲ್ಲ. ಆದರೂ ನನ್ನ ಮನಸ್ಸಿನಲ್ಲಿ ಮೊದಲ ಮಣೆ ಗೋಪಾಲನಾಥರಿಗೇ, ಅದನ್ನು ಬಚ್ಚಿಡಲ್ಲ. ಹಾಕಿನ್ಸ್‌ನಿಂದ ಕೋಲ್ಟ್ರೇನ್ ತನಕ ಎಲ್ಲರೂ ತಮ್ಮ ಸಂಗೀತದೊಳಗೇ ಇದ್ದ ವಾದ್ಯವನ್ನು ಬೆಳೆಸಿದರು. ಇವರು ತಮ್ಮ ಸಂಗೀತಕ್ಕೆ ಒಗ್ಗದೇ ಇದ್ದ ವಾದ್ಯವನ್ನು ಒಗ್ಗಿಸಿದರು.

ಅಳಿಯ: ನನ್ನ ಮನಸ್ಸು ಕೋಲ್ಟ್ರೇನ್ ಕಡೆಗೇ ವಾಲುತ್ತೆ ಮಾವ. ಆದರೆ ಯಾಕೆ ಅಂತ ಹೇಳೋಕೆ ಇವತ್ತು ನೀವು ಕೊಟ್ಟ ಪ್ರಶ್ನೆ ನನಗೆ ಬೇಕಾಗಿತ್ತು. ನಾಳೆ ಕ್ಲಾಸಿನಲ್ಲಿ ಏನು ಮಾಡಲಿ?

ಮಾವ: ಮೊದಲು ರಾಜರತ್ನಂ ಪಿಳ್ಳೆಯವರ ನಾದಸ್ವರ ಕೇಳಿಸು, ತೋಡಿ ರಾಗ. ಆಮೇಲೆ ಹಾಕಿನ್ಸ್, ಯಂಗ್, ಪಾರ್ಕರ್, ರೋಲಿನ್ಸ್, ಕೋಲ್ಟ್ರೇನ್, ಒಬ್ಬೊಬ್ಬರದ್ದೂ ಒಂದೊಂದು. ಕೊನೆಗೆ ಗೋಪಾಲನಾಥರದ್ದೇ ಒಂದು ತೋಡಿ, ಅದರ ಹಿಂದೆಯೇ ಆ ಇಬ್ಬರು ಕೂಡಿ ನುಡಿಸಿದ್ದು. ನಡುವೆ ನೀನು ಏನೂ ವಿವರಿಸಬೇಡ. ಪ್ರತಿಯೊಂದು ಮುಗಿದ ಮೇಲೂ ಒಂದೇ ಪ್ರಶ್ನೆ ಹಾಕು: ಇವರು ಬರೋಕೆ ಮುಂಚೆ ಈ ವಾದ್ಯಕ್ಕೆ ಏನು ಬರ್ತಿರಲಿಲ್ಲ? ಯಾರು ದೊಡ್ಡವರು ಅಂತ ನೀನು ಹೇಳೋದು ಬೇಡ, ಹುಡುಗರೇ ಹೇಳ್ತಾರೆ. ಯಾಕೆ ಅಂತ ಕೇಳಿದರೆ ಅದಕ್ಕೂ ಅವರ ಹತ್ತಿರ ಉತ್ತರ ಇರುತ್ತೆ.